ಹೊಂಗೆ ಎಣ್ಣೆ ಕುಡಿದ ದೋಣಿ

ಬೀರೂರು, ೩ ನವೆಂಬರ್ ೧೯೨೬

ಅಣ್ಣನನ್ನು ಕಂಡರೆ ನನಗಾಗುವುದಿಲ್ಲ. ಯಾರಿಗೂ ಹೇಳಿಲ್ಲ. ಅವ್ವ ಸಾಯುವಾಗ 'ಇಬ್ಬರೂ ಚೆನ್ನಾಗಿರ್ರಪ್ಪಾ' ಅಂದಾಗಲೂ ತಲೆಯಾಡಿಸಿದೆ. ಇಲ್ಲಿ ಬರೆದಿದ್ದೇನೆ. ಆಯಿತು.

ದೋಣಿಯ ಎಡ ಮಗ್ಗುಲಿಗೆ ಉಪ್ಪುಕಾಗದ ತಿಕ್ಕಿ ಮುಗಿಯಿತು. ಬಲ ಮಗ್ಗುಲು ನಾಳೆ. ಹಲಗೆ ಬಿಳಿ ದೇವದಾರು. ಬೆರಳಲ್ಲಿ ಬಡಿದರೆ ದಮ್ಮಡಿ ವಾದ್ಯದ ಹಾಗೆ ದಮ್ಮನ್ನುತ್ತದೆ, ಅಷ್ಟು ತೆಳು. ಸಾಮಾನು ಹೇರುವುದಕ್ಕಲ್ಲ ಇದು. ಹಾಯಿ ಕಟ್ಟಿ ಪಂದ್ಯ ಓಡಿಸುವುದಕ್ಕೆ. ಹಗುರವಿದ್ದಷ್ಟೂ ಓಟ.

ದೋಣಿಯ ಪ್ಲಾನ್ ಇಂಗ್ಲಿಷಿನಲ್ಲಿದೆ. ಓದಿ ಹೇಳುವುದು ನಾನು, ಕೊಯ್ದು ಕೂಡಿಸುವುದು ಕಾಳಾಚಾರಿ. ಜೀವಮಾನವೆಲ್ಲ ನಮ್ಮ ಮರದ ಡಿಪೋದಲ್ಲಿ ಎತ್ತಿನ ಗಾಡಿ ಮಾಡಿದವನು. ಇವತ್ತೂ ಗೊಣಗಿದ.

"ಇದ್ರಾಗೆ ದೊರೆ ಕೂತ್ರೆ ಕೆಳಗಿಂದ ಮೀನು ಕಚಗುಳಿ ಇಡ್ತಾವೆ ಕಣಪ್ಪಾ."

ದೊರೆ ಅಂದರೆ ಬೆಟ್ಟದ ಕಾಫಿ ತೋಟದ ಬಿಳಿಯರು, ಈ ದೋಣಿ ಮಾಡಿಸುತ್ತಿರುವವರು. ಡಿಸೆಂಬರಿನಲ್ಲಿ ಬುಕ್ಕಾಂಬುಧಿ ಕೆರೆಯಲ್ಲಿ ಅವರ ಕ್ಲಬ್ಬಿನ ಪಂದ್ಯ. ಮುಂಬಯಿಯಲ್ಲಿ ಅವರ ಸ್ನೇಹಿತರೊಬ್ಬರು ದೋಣಿ ಕಟ್ಟುವ ಯಾರ್ಡ್ ಇಟ್ಟಿದ್ದಾರಂತೆ. ದೋಣಿ ಚೆನ್ನಾಗಿ ಬಂದರೆ ನನ್ನನ್ನು ಅಲ್ಲಿಗೆ ಸೇರಿಸುತ್ತಾರೆ. ಕೈಕುಲುಕಿ ಹೇಳಿದ್ದಾರೆ. ನನಗೆ ಬೇರೇನೂ ಬೇಡ.

೮ ನವೆಂಬರ್

ಸೋಮವಾರ. ಎತ್ತು ಹೂಡುವುದಿಲ್ಲ, ಹಾಗಾಗಿ ಡಿಪೋ ತುಂಬ ಜನ. ಕಡೂರು ಕಡೆಯ ಗಿರಾಕಿಗಳ ಮುಂದೆ ಅಣ್ಣ ನನ್ನ ಬೆನ್ನು ತಟ್ಟಿದ.

"ಇವ್ನು ನಮ್ಮ ಓಂಕಾರ. ಫೋರ್ತ್ ಫಾರಂ ಬಿಟ್ಟು ಓಡಿ ಬಂದ. ಅರೆಬೆಂದ ಇಂಗ್ಲಿಷು. ಮನುಷ್ಯರಿಗೂ ಬಡಿಸಂಗಿಲ್ಲ, ಎಮ್ಮೆಗೂ ಹಾಕಂಗಿಲ್ಲ!"

ಎಲ್ಲರೂ ನಕ್ಕರು. ನಾನು ಹೇಳಿದೆ: "ಅರೆಬೆಂದದ್ದು ನಿಜ. ಹೋದ ತಿಂಗಳು ನೀನು ಇವರಿಗೆ ತೇಗ ಅಂತ ಕೊಟ್ಟಿದ್ದು ಅಗ್ಗದ ಮತ್ತಿ. ಅದೂ ನಿಜ."

ನಗು ನಿಂತಿತು. ಅಣ್ಣನ ಕೈ ನನ್ನ ಕೆನ್ನೆಗೆ ಬಿತ್ತು. ಇನ್ನು ಅವನ ಜೊತೆ ಮಾತಿಲ್ಲ.

೧೦ ನವೆಂಬರ್

ನಮ್ಮಿಬ್ಬರ ಮಾತೆಲ್ಲ ಅತ್ತಿಗೆಯ ಮೂಲಕವೇ. ಇವತ್ತು ಅವರು ರೇಗಿದರು. "ಒಂದೇ ಸೂರಿನ ಕೆಳಗೆ ಇದ್ಕೊಂಡು ನನ್ನ ಟಪಾಲು ಗಾಡಿ ಮಾಡಿದೀರಲ್ಲೋ! ಅವರ್ದು ಇವನಿಗೆ, ಇವನ್ದು ಅವರಿಗೆ..."

ಬಲ ಮಗ್ಗುಲೂ ಮುಗಿಯಿತು. ಪ್ಲಾನಿನ ಕೊನೆಯ ಹಾಳೆ ಬಣ್ಣದ್ದು. ಮೊದಲು ಅಗಸೆ ಎಣ್ಣೆ, ತೆಳ್ಳಗೆ. ಅದು ಒಣಗಿದ ಮೇಲೆ ಪ್ರೈಮರ್ ಎಂಬ ಅಡಿಬಣ್ಣ. ಆಮೇಲೆ ಬಿಳಿ ಎನಾಮೆಲ್ ಬಣ್ಣ. ಬೇರೆ ಯಾವ ಎಣ್ಣೆಯೂ ಕೂಡದು ಎಂದು ಕೆಳಗೆ ಗೆರೆ ಎಳೆದು ಬರೆದಿದೆ.

ನಾಳೆ ತರೀಕೆರೆಗೆ. ಹಾಯಿಮರ ಅಲ್ಲಿ ಕೊಯ್ಯಿಸಬೇಕು. ನಾನು ಬರುವವರೆಗೆ ದೋಣಿ ಮುಟ್ಟಬೇಡ ಎಂದು ಆಚಾರಿಗೆ ಹೇಳಿದ್ದೇನೆ.

೧೩ ನವೆಂಬರ್, ಸಂಜೆ

ಡಿಪೋದ ಗೇಟಿನಲ್ಲೇ ವಾಸನೆ ಬಂತು. ಹೊಂಗೆ.

ಅಣ್ಣ ದೋಣಿಯ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟೆ, ಮೊಣಕೈವರೆಗೆ ಎಣ್ಣೆ. ನಗುತ್ತಿದ್ದ.

"ಬಾರೋ, ನೋಡು. ನಮ್ಮ ಅಪ್ಪನ ಕಾಲದಿಂದ ಒಂದು ಗಾಡಿನೂ ಇಲ್ಲಿಂದ ಹೊಂಗೆ ಎಣ್ಣೆ ಕುಡೀದೆ ಹೋಗಿಲ್ಲ. ನಿನ್ನ ದೋಣಿ ಹೋಗ್ಬೇಕಾ? ಕುಡಿಯೋಷ್ಟು ಕುಡಿಸಿದೀನಿ. ಗೆದ್ದಲಿನಪ್ಪ ಬಂದ್ರೂ ಮುಟ್ಟಲ್ಲ."

ಗಾಡಿಗೆ ಸರಿ. ಗಾಡಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ಹೊಂಗೆ ಎಣ್ಣೆ ಒಣಗುವುದೇ ಇಲ್ಲ, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಇದೋ ಹತ್ತಿಯಂಥ ಮರ, ಬತ್ತಿಯ ಹಾಗೆ ಹೀರಿದೆ.

ಮಾತು ಬಿಟ್ಟಿದ್ದನ್ನೂ ಮರೆತು ಅಂದೆ: "ಕೆಡಿಸಿದೆ. ನಿನಗೆ ಬರೋದು ಅದೊಂದೇ."

ಅಣ್ಣನ ಮುಖ ಬಿದ್ದುಹೋಯಿತು. ನೋಡಿ ನನಗೆ ಖುಷಿಯಾಯಿತು. ಹೌದು, ಖುಷಿಯಾಯಿತು.

೧೪ ನವೆಂಬರ್

ಬಿಸಿನೀರು, ಬೂದಿ, ಅಂಟುವಾಳ. ಬೆಳಗಿನಿಂದ ತಿಕ್ಕಿದೆವು. ನೊರೆ ಹಳದಿಯಾಗಿ ಹರಿಯಿತು, ಮರದೊಳಗಿನದು ಒಳಗೇ ಉಳಿಯಿತು.

"ದೀಪಾವಳಿ ಮುಗಿದ್ಮೇಲೆ ಎಣ್ಣೆಸ್ನಾನ ನೋಡು ಇದಕ್ಕೆ," ಅಂದ ಕಾಳಾಚಾರಿ. ಸುಮ್ಮನಿರು ಎಂದು ಕಿರುಚಿದೆ. "ನನ್ನ ಮೇಲ್ಯಾಕೆ ಹಾರ್ತೀಯ? ಬೇಡ ಅಂದೆ ನಾನು. ಯಜಮಾನ್ರು 'ಯಾಕೆ ಬೇಡ?' ಅಂದ್ರು. ನೀನು ನಂಗೆ ಹೇಳಿದ್ರೆ ತಾನೆ!"

೨೩ ನವೆಂಬರ್

ಪ್ರೈಮರ್ ಹೊಡೆದು ಐದಾರು ದಿನವಾಯಿತು. ಬೆರಳು ಇಟ್ಟರೆ ಬೆರಳಿಗೇ ಬರುತ್ತದೆ. ಕೆರೆದು, ಬಿಸಿಲಿಗಿಟ್ಟು, ಮತ್ತೆ ಹೊಡೆದೆ. ಹೊಟ್ಟು, ನೊಣ, ಆಚಾರಿಯ ಬೀಡಿಯ ಚೂರು... ಎಲ್ಲ ಅಂಟಿಕೊಂಡಿವೆ. ಮೊದಲು ನಾವಿಬ್ಬರೇ ಎತ್ತಿ ತಿರುಗಿಸುತ್ತಿದ್ದೆವು. ಇವತ್ತು ಮೂರನೆಯವನನ್ನು ಕರೆಯಬೇಕಾಯಿತು.

೫ ಡಿಸೆಂಬರ್

ಎನಾಮೆಲ್ಲೂ ಹಾಗೇ. ನಾಳೆ ದೊರೆ ಬರುತ್ತಾರೆ.

ಅಣ್ಣ ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ. ದೋಣಿಯ ಮೇಲೆಲ್ಲ ಮೆಲ್ಲಗೆ ತಟ್ಟಿದ. ನುಣ್ಣಗಾಯಿತು. ಸವರಿದರೆ ಒಣಗಿದ ಹಾಗೇ ಅನ್ನಿಸುತ್ತದೆ.

"ನಾಳೆ ಒಂದಿನ ಹಿಂಗಿದ್ರೆ ಸಾಕು. ಕೆರೇಲಿ ಬಣ್ಣ ಬಿಟ್ರೆ ನೀರಿನ ದೋಷ ಅಂದ್ರಾಯ್ತು. ಬಾಯಿ ಮುಚ್ಕೊಂಡಿರು. ಮುಂಬಯಿ ಬೇಡ್ವೇನೋ ನಿಂಗೆ?"

ಬೇಕು.

೬ ಡಿಸೆಂಬರ್

ದೊರೆ ದೋಣಿಯ ಸುತ್ತ ಎರಡು ಸಲ ನಡೆದರು. ಬ್ಯೂಟಿಫುಲ್ ಅಂದರು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ನಾನು ಹೆಬ್ಬೆರಳು ಒತ್ತಿ ಎಳೆದೆ. ಬಿಳಿ ಸಿಪ್ಪೆ ಸುರುಳಿಯಾಗಿ ಎದ್ದಿತು. ಅಡಿಯಲ್ಲಿ ಎಣ್ಣೆಯ ಜಿಡ್ಡು. ಒಳಗೆ ಹೊಂಗೆ ಎಣ್ಣೆ ಇದೆ, ಇದು ಎಂದೂ ಒಣಗುವುದಿಲ್ಲ, ಭಾರವೂ ಆಗಿದೆ -- ನನ್ನ ಅರೆಬೆಂದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ.

"ಯಾರು ಮಾಡಿದ್ದು?" ಅವರು ಕನ್ನಡದಲ್ಲೇ ಕೇಳಿದರು.

"ಅಣ್ಣ."

ದೊರೆ ಬೈಯಲಿಲ್ಲ. ಪಂದ್ಯಕ್ಕೆ ಬೇರೆ ದೋಣಿ ಕೇಳಿ ತರುತ್ತೇನೆ, ಇದು ಬೇಡ ಅಂದರು. ಕಾರಿನವರೆಗೆ ಹಿಂದೆಯೇ ಹೋದೆ. ಮುಂಬಯಿ ವಿಷಯ ಕೇಳಿದೆ.

"ಯಾವ ದೋಣಿ ತೋರಿಸಿ ಕಳಿಸಲಿ?"

ಕಾರು ಹೊರಟುಹೋಯಿತು.

ಅತ್ತಿಗೆ ಊಟಕ್ಕೆ ಕರೆಯಲಿಲ್ಲ. ತಟ್ಟೆ ಕುಕ್ಕಿ ಹೋದರು. "ಹೊರಗಿನವರ ಮುಂದೆ ಮಾನ ಕಳೆದೆಯಲ್ಲೋ. ನಿನಗೋಸ್ಕರ ಎರಡು ದಿನ ಡಿಪೋ ಕೆಲಸ ಬಿಟ್ಟು ಎಣ್ಣೆ ತಿಕ್ಕಿದ್ರು ಕಣೋ ಅದಕ್ಕೆ."

೧೦ ಡಿಸೆಂಬರ್

ಅಣ್ಣ ದೋಣಿಯ ಅಡ್ಡಪಟ್ಟಿಗಳನ್ನು ಕೊಡಲಿಯಲ್ಲಿ ಒಡೆದು ತೆಗೆದ. ಬಾವಿಯ ಹತ್ತಿರ ಎಳೆಸಿದ. ಇನ್ನು ಅದು ಎತ್ತುಗಳು ನೀರು ಕುಡಿಯುವ ಬಾನಿಯಂತೆ. ನನ್ನ ಕಣ್ಣೆದುರೇ ಕೊಡ ಕೊಡ ನೀರು ಸುರಿಸಿದ.

ಕಾಳಾಚಾರಿ ಬಗ್ಗಿ ಅಡಿಯೆಲ್ಲ ತಡವಿದ. ಹಿಗ್ಗು ತಡೆಯಲಾಗಲಿಲ್ಲ ಅವನಿಗೆ. "ಒಂದು ಹನಿ ಜಿನುಗಿಲ್ಲ ಕಣಪ್ಪಾ! ಒಂದು ಹನಿ!"

ಎತ್ತು ಬಂತು. ಮೂಸಿತು. ಹೊಂಗೆಯ ಕಹಿಗೆ ಮೂತಿ ಕೊಡವಿ ತಿರುಗಿಕೊಂಡಿತು. ಇನ್ನೊಂದೂ ಅಷ್ಟೇ. ಅಣ್ಣ ದೋಣಿಗೆ ಒದ್ದ. ಕಾಲು ನೋವಾಗಿ ಕುಂಟಿದ. ನಾನು ಜೋರಾಗಿ ನಕ್ಕೆ. ಅವನು ಕಲ್ಲು ತೆಗೆದುಕೊಂಡ. ಎಸೆಯಲಿಲ್ಲ.

೧೪ ಡಿಸೆಂಬರ್

ಅಣ್ಣ ಮಧ್ಯಾಹ್ನ ಶೆಡ್ಡಿಗೆ ಬಂದ. ಗೋಡೆಗೆ ಮೊಳೆ ಹೊಡೆದಿದ್ದ ಪ್ಲಾನನ್ನು ತುಂಬ ಹೊತ್ತು ನೋಡಿದ.

"ಇದ್ರಾಗೆ ಯಾವ ಎಣ್ಣೆ ಅಂತ ಬರ್ದಿತ್ತಾ?"

"ಬರೆದಿತ್ತು. ಅಗಸೆ. ಬೇರೆ ಬೇಡ ಅಂತಲೂ."

"ನಂಗೆ ಓದಿ ಹೇಳಕ್ಕೆ ನಿಂಗೇನಾಗಿತ್ತೋ?"

"ಮಾತು ಬಿಟ್ಟಿದ್ದೆ."

"ಅತ್ತಿಗೆ ಕೈಲಿ ಹೇಳಿಸಬಹುದಿತ್ತು. ಉಪ್ಪು ಬೇಕು ಅಂದ್ರೂ ಅವಳ ಕೈಲೇ ಹೇಳಿಸ್ತಿದ್ದೆ ನೀನು."

ಹೌದು. ಹೇಳಿಸಬಹುದಿತ್ತು. ಹಾಳೆ ಓದಿದ ದಿನವೇ ಹೊಳೆದಿತ್ತು. ಅವನಿಗೆ ಯಾಕೆ ಹೇಳಬೇಕು ಎಂದುಕೊಂಡೆ. ದೊರೆಯ ಮುಂದೆ ಅದೊಂದನ್ನು ಬಿಟ್ಟು ಎಲ್ಲ ನಿಜವನ್ನೂ ಹೇಳಿದ್ದೇನೆ.

ಇದನ್ನು ಅವನಿಗೆ ಹೇಳಿದೆ. ಬಾಯಿಂದ, ನೇರವಾಗಿ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ.

"ಹಾಳಾಗ್ ಹೋಗು," ಅಂದು ಹೊರಗೆ ನಡೆದ.

ಮುಂಬಯಿಯಲ್ಲಿ ಯಾರೂ ಗೊತ್ತಿಲ್ಲ. ಹಡಗುಕಟ್ಟೆ ಯಾವ ಕಡೆ ಎಂದು ಕೇಳಿಕೊಂಡು ಹೋಗಬೇಕು. ಕಸ ಗುಡಿಸುವುದಕ್ಕೆ ಇಟ್ಟುಕೊಂಡರೂ ಸರಿ. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಾರೆ, ಯಾರಿಗೆ ಎಂದು ಕೇಳಿಲ್ಲ. ನಾಳೆ ಪೂನಾ ರೈಲಿಗೆ ಹೊರಡುತ್ತೇನೆ, ಅಲ್ಲಿಂದ ಮುಂಬಯಿಗೆ.