ಇಳಿಯುವ ಕಲ್ಲು

ಮಗಳೇ ಧನುಶ್ರೀ,

ನೀನು ಕೊಟ್ಟ ನೀರಿನ ಬಾಟಲಿ ನನ್ನ ಮೇಜಿನ ಮೇಲೆ ಕೂತಿದೆ. ಅದರ ಮೇಲೊಂದು ತೆಂಗಿನಮರ, ಮರಕ್ಕೆ ಒರಗಿಸಿದ ಸೈಕಲ್, ಕೆಳಗೆ 'ನಿಧಾನವಾಗಿ ನೋಡಿ ನಮ್ಮ ನಾಡು' ಎಂಬ ಬರಹ. ನಿಧಾನವಾಗಿಯೇ ನೋಡುತ್ತಿದ್ದೇನೆ. ನೋಡಿದಷ್ಟೂ ಸಿಟ್ಟು ಏರುತ್ತಿದೆ. ಫೋನಿನಲ್ಲಿ ಬೈದರೆ 'ಆಮೇಲೆ ಮಾಡ್ತೀನಿ ದೊಡ್ಡಪ್ಪ' ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಈ ಭಾನುವಾರ ನೀನು ಮತ್ತೆ ಬೆಂಗಳೂರಿನವರನ್ನು ಸೈಕಲ್ ಮೇಲೆ ನಮ್ಮೂರಿನ ಪಟೇಲರ ದೊಡ್ಡಮನೆಗೆ ಕರೆದೊಯ್ಯುತ್ತೀಯ. ಅದಕ್ಕೂ ಮೊದಲು ಇದನ್ನು ಓದು.

ಪ್ರವಾಸ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋರಾಟದವರಿಗೆ ಯಾವುದೂ ಚೆನ್ನಾಗಿ ಕಾಣುವುದಿಲ್ಲ ಎಂದು ನೀನು ಅಂದುಕೊಂಡಿದ್ದೀಯ. 'ನಾನು ಗೈಡ್ ಆಗಿರೋದ್ನ ಒಂದ್ಸಲ ಬಂದು ನೋಡು' ಅಂತ ನೀನು ಕರೆದೆ. ನಿನ್ನ ಅಪ್ಪ ಕಲ್ಲೇಶ ಬದುಕಿದ್ದರೆ ಅವನು ಬರಬೇಕಿತ್ತು. ಅವನಿಲ್ಲ, ಅವನ ಜಾಗದಲ್ಲಿ ನಾನು ಬಂದೆ. ತುರುವೇಕೆರೆ ದಾಟಿ ದಬ್ಬೇಘಟ್ಟದ ಕಡೆಗೆ ಹೊರಟೆವು. ಏರಿಲ್ಲ, ಇಳಿಜಾರಿಲ್ಲ, ಎರಡೂ ಕಡೆ ತೋಟ, ಬೆನ್ನ ಮೇಲೆ ಗರಿಯ ನೆರಳು. ನಾಲೆ ನೀರು ಬಂದ ಕಡೆ ಭತ್ತದ ನಾಟಿ ನಡೆದಿತ್ತು. ಏದುಸಿರು ಬಿಡುತ್ತಿದ್ದ ಆ ದಪ್ಪ ಮನುಷ್ಯನಿಗೆ ನೀನು, 'ಸಾರ್, ನಿಮ್ಮ ಸೈಕಲ್ಲಿಗೆ ಇಪ್ಪತ್ತೊಂದು ಗೇರು ಯಾಕೆ? ನಮ್ಮ ರೋಡಿಗೆ ಒಂದೇ ಸಾಕು' ಅಂದೆ. ನನ್ನ ಕಡೆ ತಿರುಗಿ, 'ಹೆಲ್ಮೆಟ್ ಹಾಕ್ಕೋ ದೊಡ್ಡಪ್ಪ, ಲಾಠಿಗೆ ಒಡೀದೇ ಇದ್ದ ತಲೆ ನಮ್ಮ ಟೂರಲ್ಲಿ ಒಡೆದ್ರೆ ನಂಗೆ ಕೆಟ್ಟೆಸ್ರು' ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಕೇರಿಯ ಹುಡುಗಿ ಮುಂದೆ ತುಳಿಯುತ್ತಾಳೆ, ಊರೂರಿನ ಜನ ಅವಳ ಹಿಂದೆ ಬರುತ್ತಾರೆ. ಅದನ್ನು ನೋಡಿ ನನ್ನ ಎದೆ ಉಬ್ಬಿತ್ತು ಮಗಳೇ. ಆ ಎದೆಗೇ ನೀನು ಒದ್ದೆ.

ಸುತ್ತು ಹಾಕಿ ನಮ್ಮ ಕೇರಿಯ ಕಡೆಯಿಂದ ಊರು ಹೊಕ್ಕು, ಹುಣಸೆಮರ ದಾಟಿ, ದೊಡ್ಡಮನೆಯ ಗೋಡೆ ಶುರುವಾಗುವಲ್ಲಿ ನೀನು ಕೈ ಎತ್ತಿದೆ. ಅಲ್ಲೊಂದು ಚಪ್ಪಟೆ ಕಲ್ಲಿದೆ. ಈಗ ಅದಕ್ಕೆ ಸುಣ್ಣ ಬಳಿದು ಹೂವಿನ ಕುಂಡ ಇಟ್ಟಿದ್ದಾರೆ. 'ಎಲ್ಲರೂ ಇಳೀರಿ, ಇದು ಗೌರವದ ಕಲ್ಲು' ಅಂದೆ. 'ಹಿಂದಿನ ಕಾಲದಲ್ಲಿ ಊರಿನ ಜನ ಇಲ್ಲಿಗೆ ಬಂದರೆ ಪಟೇಲರ ಮೇಲಿನ ಪ್ರೀತಿಗೆ ಸೈಕಲ್ ಇಳಿದು, ಚಪ್ಪಲಿ ಬಿಟ್ಟು, ತಳ್ಕೊಂಡು ಹೋಗ್ತಿದ್ರು. ಬನ್ನಿ, ನಾವೂ ಹಂಗೇ ಹೋಗೋಣ, ಅದೊಂದು ಅನುಭವ.' ಅವರೆಲ್ಲ ಬೂಟು ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕಿದರು. ಕಲ್ಲಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಬಿಳಿಕೂದಲಿನ ಒಬ್ಬ ಹೆಂಗಸು ಮಾತ್ರ, 'ಪಟೇಲರೂ ಇಳೀತಿದ್ರಾ?' ಅಂತ ಕೇಳಿದಳು. 'ಅವ್ರದ್ದು ಕುದುರೆ ಮೇಡಂ, ಸೈಕಲ್ ಅಲ್ಲ' ಅಂದೆ ನೀನು. ಮತ್ತೆ ನಗೆ. 'ಆಗಿನ ಜನಕ್ಕೆ ಎಷ್ಟು ವಿನಯ ನೋಡಿ' ಅಂದ ಆ ದಪ್ಪ ಮನುಷ್ಯ.

ವಿನಯವಂತೆ! ಬೆನ್ನ ಮೇಲೆ ಬಾರುಕೋಲು ಆಡಿಸಿ ಬಗ್ಗಿಸಿದ್ದಕ್ಕೆ ವಿನಯ ಎಂದು ಹೆಸರಿಟ್ಟು, ಅದಕ್ಕೆ ಟಿಕೆಟ್ ಹಚ್ಚಿ ಮಾರುತ್ತಾರೆ. ಮಾರುವುದಕ್ಕೆ ನಮ್ಮ ಮಗಳ ಬಾಯೇ ಬೇಕು!

ಊಟಕ್ಕೆ ದೊಡ್ಡಮನೆಯ ಒಳಾಂಗಳದ ತೊಟ್ಟಿಯಲ್ಲಿ ಕೂರಿಸಿದಿರಿ. ಅಟ್ಟದಿಂದ ಕೊಬ್ಬರಿಯ ವಾಸನೆ ಇಳಿಯುತ್ತಿತ್ತು. ಪ್ರವಾಸಿಗರು ಮೂಗು ಅರಳಿಸಿ 'ಆಹಾ' ಅಂದರು. ನಾನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆಯುವ ನೆಪದಲ್ಲಿ ನಿನ್ನನ್ನು ಹಿತ್ತಿಲಿಗೆ ಕರೆದು ಕೇಳಿದೆ. ನೀನು ಏನಂದೆ? 'ಬುಡು ದೊಡ್ಡಪ್ಪ ಅತ್ಲಾಗೆ. ದೊಡ್ಡಮನೆಯೋರು ಬರ್ಕೊಟ್ಟವ್ರೆ, ನಾನು ಹೇಳ್ತೀನಿ. ರಜಾ ಕಳೆಯಕ್ಕೆ ಬಂದೋರ ಮುಂದೆ ಹಳೇ ಗಾಯ ಬಿಚ್ಚಿದ್ರೆ ಯಾರು ಬತ್ತಾರೆ? ನಿಮ್ಮ ಕಾಲದ ಸಿಟ್ಟು ನಿಮಗಿರ್ಲಿ.' ಅಷ್ಟರಲ್ಲಿ ಪಟೇಲರ ಮೊಮ್ಮಗ, ನಿನಗೆ ಸಂಬಳ ಕೊಡುವ ರೇಣುಕಪ್ರಸಾದ್ ಬಂದ. ಒಳ್ಳೆಯ ಮಾತಿನವನು. 'ಹಳೇದೆಲ್ಲ ಯಾಕೆ ಸಾರ್ ಕೆದಕ್ತೀರಾ? ಈಗ ನೋಡಿ, ನಿಮ್ಮ ಹುಡುಗೀನೇ ನಮ್ಮ ಟೀಮ್ ಲೀಡರ್ರು' ಅಂದ. ನಿನ್ನನ್ನು ತೋರಿಸಿ ತನ್ನ ಅಜ್ಜನ ಪಾಪ ತೊಳೆದುಕೊಂಡ. ಸೋಪಿನ ಖರ್ಚೂ ಇಲ್ಲ. ನೀನು ಪಕ್ಕದಲ್ಲೇ ನಿಂತು ನಗುತ್ತಿದ್ದೆ.

ನಿನ್ನ ಅಪ್ಪನಿಗೆ ಕೊಟ್ಟ ಮಾತನ್ನು ಈಗ ಮುರಿಯುತ್ತಿದ್ದೇನೆ. ನಿನ್ನ ಅಪ್ಪನ ಎಡಗೈ ಮೊಣಕೈಯಿಂದಾಚೆ ನೆಟ್ಟಗಿರಲಿಲ್ಲವಲ್ಲ, 'ತೆಂಗಿನಮರದಿಂದ ಬಿದ್ದೆ' ಎಂದು ಅವನು ನಿನಗೆ ಹೇಳುತ್ತಿದ್ದನಲ್ಲ, ಅದು ಸುಳ್ಳು. ಅವನು ಯಾವ ಮರದಿಂದಲೂ ಬೀಳಲಿಲ್ಲ.

ಆ ಕಲ್ಲು ಪಟೇಲ ಕುದುರೆ ಹತ್ತಲು ಹಾಕಿಸಿಕೊಂಡಿದ್ದು. ಕುದುರೆ ಸತ್ತು, ಪಟೇಲನ ಮಗ ಜೀಪು ತಂದ ಮೇಲೂ ಕಲ್ಲು ಅಲ್ಲೇ ಇತ್ತು. ಅವರು ಹತ್ತುವ ಕಲ್ಲಿನ ಹತ್ತಿರ ನಾವು ಇಳಿಯಬೇಕಿತ್ತು. ನಾವು ಅಂದರೆ ಊರಿನ ಜನ ಅಲ್ಲ ಕಣೇ, ನಮ್ಮ ಕೇರಿಯವರು, ನಾವು ಮಾತ್ರ. ಆ ಕಲ್ಲಿನಿಂದ ಅವರ ಕೊಟ್ಟಿಗೆ ಗೋಡೆ ಮುಗಿಯುವ ತನಕ ತಲೆ ತಗ್ಗಿಸಿ ಸೈಕಲ್ ತಳ್ಳಬೇಕು. ಮಳೆ ಹುಯ್ದು ಕೆಸರಾಗಿದ್ದರೂ ಬರಿಗಾಲು. ಅವರ ಮಕ್ಕಳಿಗೆ ಅಕ್ಷರ ಹೇಳುತ್ತಿದ್ದ ನಮ್ಮ ಕೇರಿಯ ಮೇಷ್ಟರು ಗಿಡ್ಡಯ್ಯನವರೂ ಅಲ್ಲಿ ಇಳಿದೇ ಶಾಲೆಗೆ ಹೋಗಬೇಕಿತ್ತು. ಜಗಲಿ ಮೇಲೆ ಕೂತ ಅವರ ಶಿಷ್ಯರು ಅದನ್ನು ನೋಡುತ್ತಿದ್ದರು. ಒಂದೇ ಕೇರಿಯ ಗೆಳೆಯರಾದ ನಾನೂ ಕಲ್ಲೇಶನೂ ದಬ್ಬೇಘಟ್ಟದಿಂದ ಬಾಡಿಗೆ ಸೈಕಲ್ ತಂದು, ಬತ್ತಿದ ಕೆರೆಯಂಗಳದಲ್ಲಿ ಬಿದ್ದೆದ್ದು ಕಲಿತೆವು. ಸೈಕಲ್ ಹತ್ತುವುದಕ್ಕೆ ಮೊದಲು, ಎಲ್ಲಿ ಇಳಿಯಬೇಕು ಎಂಬುದನ್ನು ಕಲಿತಿದ್ದೆವು.

ನಿನ್ನ ಅಜ್ಜಿ ಕಾಳಕ್ಕ ಆ ಮನೆಯ ಕಣದಲ್ಲಿ ಕಾಯಿ ಸುಲಿಯುತ್ತಿದ್ದಳು. ಇವತ್ತು 'ಆಹಾ' ಅನ್ನಿಸಿಕೊಳ್ಳುವ ಆ ಅಟ್ಟ ತುಂಬಿದ್ದು ಅವಳ ಕೈಯಿಂದ, ಆದರೆ ಆ ಅಟ್ಟದ ಕೆಳಗೆ ಅವಳು ಒಂದು ದಿನವೂ ನಿಂತವಳಲ್ಲ. ಒಮ್ಮೆ ಸುಲಿಯುವ ಕಬ್ಬಿಣದ ಮೊನೆ ಅವಳ ಅಂಗೈಗೆ ಹೊಕ್ಕಿತು. ಕೈ ಬಾತು, ಜ್ವರ ಏರಿತು. ಕಲ್ಲೇಶ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುರುವೇಕೆರೆ ಆಸ್ಪತ್ರೆಗೆ ಹೊರಟ. ನಾನು ಆಗ ತಿಪಟೂರಿನ ಹಾಸ್ಟೆಲ್ಲಿನಲ್ಲಿದ್ದೆ, ಇದೆಲ್ಲ ಕಾಳಕ್ಕನೇ ನನಗೆ ಹೇಳಿದ್ದು. ಹುಣಸೆಮರ ದಾಟುತ್ತಿದ್ದಂತೆ ಅವಳು ಮಗನ ಬೆನ್ನು ತಟ್ಟಿದಳಂತೆ. 'ಇಳಿಯಪ್ಪಾ ಕಲ್ಲಾ, ಕಲ್ಲು ಬಂತು, ನನ್ನೂ ಇಳ್ಸು.' ಇವನು, 'ಸುಮ್ಕೆ ಕೂತ್ಕೊಳವ್ವ, ಗಟ್ಟಿಯಾಗಿ ಹಿಡ್ಕೊ' ಅಂದನಂತೆ. ಜಗಲಿ ಮೇಲೆ ಜನ ಇದ್ದರು. ಅವನು ಇಳಿಯಲಿಲ್ಲ. ಕಾಲಲ್ಲಿ ಚಪ್ಪಲಿ ಇತ್ತು, ತಲೆ ನೆಟ್ಟಗಿತ್ತು, ತುಳಿದ.

ಸಂಜೆ ಔಷಧಿ ಹಾಕಿಸಿಕೊಂಡು ವಾಪಸು ಬರುವಾಗ ದೊಡ್ಡಮನೆಯವರು ಕಾಯುತ್ತಿದ್ದರು. ಕಾಳಕ್ಕನನ್ನು ಪಕ್ಕಕ್ಕೆ ನಿಲ್ಲಿಸಿ ನೋಡು ಅಂದರು. ಹ್ಯಾಂಡಲ್ ಹಿಡಿದ ಕೈ ಯಾವುದೋ ಅಂತ ಕೇಳಿ, ಅವನ ಎಡಗೈಯನ್ನು ಅದೇ ಕಲ್ಲಿನ ಮೇಲೆ ಇಟ್ಟು, ಗಾಡಿಯ ಗೂಟದಲ್ಲಿ ಹೊಡೆದರು. ಹೌದು ಮಗಳೇ, ನಿನ್ನ ಪ್ರವಾಸಿಗರು ಅಂಗೈ ಊರಿ ಫೋಟೋ ತೆಗೆಸಿಕೊಂಡ ಕಲ್ಲು. ಅದು ನಿನ್ನ ಅಪ್ಪನ ಮೂಳೆ ಮುರಿದ ಕಲ್ಲು. ಈಗ ಹೇಳು, ಗೌರವ ಯಾರದ್ದು?

ಸುದ್ದಿ ತಿಪಟೂರು ಮುಟ್ಟಿತು. ನಾವು ಕರಪತ್ರ ಹಂಚಿದೆವು. ಚಿಕ್ಕನಾಯಕನಹಳ್ಳಿಯಿಂದ, ಹುಳಿಯಾರಿನಿಂದ, ಹಾಲ್ಕುರಿಕೆಯಿಂದ ಹುಡುಗರು ಸೈಕಲ್ ತುಳಿದುಕೊಂಡು ಬಂದರು. ಅರ್ಧಕ್ಕರ್ಧ ಬಾಡಿಗೆ ಸೈಕಲ್ಲು, ಕೆಲವಕ್ಕೆ ಬ್ರೇಕಿಲ್ಲ, ಕೆಲವಕ್ಕೆ ಸೀಟಿಲ್ಲ. ಮುಂದೆ ತಮಟೆ. ಪೊಲೀಸರು ಕಲ್ಲಿನ ಹತ್ತಿರವೇ ನಿಂತು, 'ಇಳಿದು ಹೋದ್ರೆ ಗಲಾಟೆ ಇರಲ್ಲ, ಒಂದು ನಿಮಿಷದ ಕೆಲಸ' ಅಂತ ಬುದ್ಧಿ ಹೇಳಿದರು. ಕಲ್ಲೇಶನಿಗೆ ಹ್ಯಾಂಡಲ್ ಹಿಡಿಯಲು ಆಗುತ್ತಿರಲಿಲ್ಲ, ಕೈ ಕೊರಳಿಗೆ ಕಟ್ಟಿತ್ತು. ನನ್ನ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂತು, ಬಲಗೈಯಲ್ಲಿ ಬೆಲ್ಲು ಹೊಡೆದ. ಅವನ ಹಿಂದೆ ಎಲ್ಲರೂ ಬೆಲ್ಲು ಹೊಡೆದರು. ಆ ಗೋಡೆ ಮುಗಿಯುವ ತನಕ ಹೊಡೆದರು. ಅವತ್ತಿಗೆ ಆ ಕಟ್ಟಳೆ ಸತ್ತಿತು. ಸತ್ತಿತು ಅಂತ ನಾವು ತಿಳಿದುಕೊಂಡೆವು.

ಆದರೆ ಕಾಳಕ್ಕ ಸಾಯುವ ತನಕ ಅಲ್ಲಿ ಇಳಿಯುತ್ತಲೇ ಇದ್ದಳು. ಮಗನ ಕ್ಯಾರಿಯರ್ ಮೇಲೆ ಕೂತು ಸಂತೆಗೆ ಹೊರಡುತ್ತಿದ್ದಳು, ಆ ಕಲ್ಲು ಬಂದ ಕೂಡಲೇ ದೊಪ್ಪನೆ ಹಾರಿಕೊಳ್ಳುತ್ತಿದ್ದಳು. ನಾನೊಮ್ಮೆ ರೇಗಿದೆ. 'ಯಾಕಕ್ಕ, ಯಾರಿಗೆ ಹೆದರ್ತೀಯಾ? ಅಲ್ಲಿ ಈಗ ಯಾವನೂ ಇಲ್ಲ.' ಅವಳು ನೆಲ ನೋಡುತ್ತಾ, 'ನಾನೆಲ್ಲಿ ಇಳಿತೀನಿ ಕಿಷ್ಣಯ್ಯ, ಕಾಲು ತಾವೇ ಇಳಿತವೆ ಕಣಪ್ಪ' ಅಂದಳು.

ನನಗೆ ಆ ಮಾತು ಅರ್ಥವಾಗಿರಲಿಲ್ಲ. ಮೊನ್ನೆ ಭಾನುವಾರ ಅರ್ಥವಾಯಿತು. ಊರು ಬಿಟ್ಟ ಮೇಲೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೆ, ಮೋಟಾರ್ ಬೈಕಿನಲ್ಲಿ ಹೋಗಿದ್ದೆ, ಸೈಕಲ್ಲಿನಲ್ಲಿ ಹೋಗಿ ಬಹಳ ವರ್ಷವಾಗಿತ್ತು. ನೀನು ಕೈ ಎತ್ತಿ 'ಇಳೀರಿ' ಅಂದೆಯಲ್ಲ, ಆಗ ನಾನು ಎಲ್ಲಿದ್ದೆ ಗೊತ್ತಾ? ಕೆಳಗೆ. ನೀನು ಬಾಯಿ ತೆರೆಯುವ ಮೊದಲೇ, ಹುಣಸೆಮರದ ನೆರಳು ಮುಗಿಯುತ್ತಿದ್ದಂತೆ, ನನ್ನ ಕಾಲು ನೆಲಕ್ಕೆ ಬಂದಿದ್ದವು. ಜೀವಮಾನವೆಲ್ಲ ಬೀದಿಯಲ್ಲಿ ಘೋಷಣೆ ಕೂಗಿದ ಮನುಷ್ಯ ನಾನು. ಜೈಲು ನೋಡಿದ ಮನುಷ್ಯ. ನನ್ನ ಕಾಲು ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಇಂಥ ಕಟ್ಟಳೆಯನ್ನು ನೀನು ಅನುಭವ ಎಂದು ಹಂಚುತ್ತಿದ್ದೀಯ! ನಮ್ಮ ಮೈಯಿಂದ ಕಿತ್ತು ಹಾಕಲು ಒಂದು ಜನ್ಮ ಸಾಲದ ಅಂಜಿಕೆಯನ್ನು ಅವರು ಒಂದು ಗಳಿಗೆ ಆಟವಾಡಿ, ಬೂಟು ಹಾಕಿಕೊಂಡು, ಮುಂದಿನ ಊರಿಗೆ ಹೋಗುತ್ತಾರೆ. ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರಿಗೆ ಹೇಳಿದವರಿಲ್ಲ. ಆ ಹೆಂಗಸು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು, ನೀನು ಅದನ್ನು ನಗೆಯಲ್ಲಿ ಮುಚ್ಚಿದೆ.

ನಿನ್ನ ಅಪ್ಪ ಯಾಕೆ ಮುಚ್ಚಿಟ್ಟ ಅಂತಲೂ ಕೇಳು. ತಿಪಟೂರಿನ ಕಾಲೇಜು ಮೈದಾನದಲ್ಲಿ ಅವನು ನಿನಗೆ ಸೈಕಲ್ ಕಲಿಸುತ್ತಿದ್ದ. ಸೊಟ್ಟಗೈಯಲ್ಲಿ ಸೀಟು ಹಿಡಿದು ನಿನ್ನ ಹಿಂದೆ ಓಡುತ್ತಿದ್ದ. 'ಕೈ ಕತೆ ಅವಳಿಗೆ ಹೇಳ್ಬ್ಯಾಡ ಕಣ್ಲಾ' ಅಂದಿದ್ದ ನನಗೆ. 'ತುಳಿಯುವಾಗ ನನ್ನ ಮಗಳು ಯಾವನ ಜಗಲಿ ಕಡೇನೂ ನೋಡ್ಬಾರ್ದು. ಗೊತ್ತಾದ್ರೆ ನೋಡ್ತಾಳೆ.' ನೀನು ಹೆದರದೆ ತುಳಿಯಬೇಕು ಎಂದು ಅವನು ನುಂಗಿಕೊಂಡ ಕತೆ ಅದು. ನೀನು ಹೆದರದೆಯೇ ತುಳಿದೆ. ತುಳಿದುಕೊಂಡು ನೆಟ್ಟಗೆ ಅದೇ ಕಲ್ಲಿಗೆ ಹೋಗಿ, ಬಂದವರನ್ನೆಲ್ಲ ಇಳಿಸಿದೆ.

ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ನೀನು ಬಿಟ್ಟರೆ ಇನ್ನೊಬ್ಬರು ಬಂದು ಅದೇ ಸುಳ್ಳನ್ನು ಇನ್ನೂ ಚೆಂದವಾಗಿ ಹೇಳುತ್ತಾರೆ. ದೊಡ್ಡಮನೆಯನ್ನು ತೋರಿಸು. ಆ ಕಂಬದ ಕೆತ್ತನೆ ತೋರಿಸು, ಅದನ್ನು ಕೆತ್ತಿದವರ ಕೈ ಸುಳ್ಳಲ್ಲ. ಅಟ್ಟ ತೋರಿಸುವಾಗ ಕಾಳಕ್ಕನ ಅಂಗೈಯನ್ನು ಹೇಳು. ಕಲ್ಲಿನ ಹತ್ತಿರ ಅಲ್ಲಿ ನಡೆದದ್ದನ್ನು ಹೇಳು. ರಜಾ ಕಳೆಯಲು ಬಂದವರು ಓಡಿಹೋಗುವುದಿಲ್ಲ, ಓಡಿಹೋದರೆ ಹೋಗಲಿ. ರೇಣುಕಪ್ರಸಾದನ ನಗು ನಿಂತುಹೋಗಬಹುದು. ನಿನ್ನ ಕೆಲಸವೂ ಹೋಗಬಹುದು, ಅದು ಸಣ್ಣ ಮಾತಲ್ಲ ಎಂದು ನನಗೂ ಗೊತ್ತು. ಆದರೆ ಆ ರಸ್ತೆ ಅವನಪ್ಪನದಲ್ಲ ಮಗಳೇ. ಆ ರಸ್ತೆಯನ್ನು ನಿನ್ನ ಅಪ್ಪ ಕೈ ಕೊಟ್ಟು ಬಿಡಿಸಿಕೊಂಡಿದ್ದಾನೆ.

ಭಾನುವಾರ ನಾನು ಬರುತ್ತೇನೆ, ಎಲ್ಲರ ಹಿಂದೆ ಇರುತ್ತೇನೆ. ಹುಣಸೆಮರ ದಾಟಿದಾಗ ನನ್ನ ಕಾಲು ಮತ್ತೆ ಕೈಕೊಡುತ್ತವೆ, ನನಗೆ ಅವುಗಳ ಮೇಲೆ ನಂಬಿಕೆಯಿಲ್ಲ. ಆಗ ನೀನು ಮುಂದಿನಿಂದ ತಿರುಗಿ ನೋಡಬೇಕು. ನಿನ್ನ ಅಪ್ಪ ತನ್ನ ಅವ್ವನಿಗೆ ಹೇಳಿದ ಹಾಗೆ ಹೇಳಬೇಕು: 'ಸುಮ್ಕೆ ತುಳಿ ದೊಡ್ಡಪ್ಪ, ಇಳೀಬ್ಯಾಡ.' ನೀನು ಹೇಳಿದರೆ ನನ್ನ ಕಾಲು ಕೇಳುತ್ತವೆ. ಬೇರೆ ಯಾರು ಹೇಳಿದರೂ ಕೇಳುವುದಿಲ್ಲ.

ಎಲ್ಲಿ ಇಳಿಯಬೇಕು ಎಂಬುದು ನಿನ್ನ ಕಾಲಿಗೆ ಯಾವತ್ತೂ ಗೊತ್ತಾಗದಿರಲಿ.

ನಿನ್ನ ಅಪ್ಪನನ್ನು ಬಾರಿನ ಮೇಲೆ ಕೂರಿಸಿಕೊಂಡು ತುಳಿದ,
ನಿನ್ನ ಕೃಷ್ಣಯ್ಯ ದೊಡ್ಡಪ್ಪ
ತಿಪಟೂರು