ಹೇಳದೆ ಹೋದ ಶಿಷ್ಯೆ

ಭಾನುವಾರ, ೨೭ ಆಗಸ್ಟ್ ೧೯೭೮

ಇವತ್ತೂ ಡ್ಯಾನ್ಸ್ ಕ್ಲಾಸಿಗೆ ಇಬ್ಬರು ಲೇಟು. ಬಸ್ ಬರಲಿಲ್ಲವಂತೆ. ರಾಜಾಜಿನಗರಕ್ಕೆ ಬಸ್ಸಿಗೇನು ಬರವೇ? ಗೋಡೆ ಪಕ್ಕ ನಿಲ್ಲಿಸಿದೆ.

ವನಜಾಕ್ಷಿಯ ಅರೆಮಂಡಿ ಕೆಟ್ಟಿದೆ. ಚಿಕ್ಕಂದಿನಿಂದ ನಾನೇ ತಿದ್ದಿದ ಮೈ ಅದು. ಈಗ ಮಂಡಿ ಪೂರ್ತಿ ಬಗ್ಗುತ್ತಿಲ್ಲ, ಪಾದವೂ ಮೊದಲಿನಷ್ಟು ಹೊರಗೆ ತಿರುಗುತ್ತಿಲ್ಲ. ಸೋಮಾರಿತನವಲ್ಲ. ಯಾರೋ ಕೂರಿಸಿ ಹೇಳಿಕೊಟ್ಟ ಹಾಗಿದೆ.

"ಯಾರೇ ಕಲಿಸಿದ್ದು ಇದನ್ನ?"

"ಯಾರೂ ಇಲ್ಲ ಮಿಸ್."

ಸುಳ್ಳು. ಕೋಲಿನಿಂದ ಮಂಡಿಗೆ ಒಂದು ಕೊಟ್ಟೆ. ಆಮೇಲೆ ಸರಿಯಾಗಿ ಕೂತಳು.

ಮಂಗಳವಾರ, ೨೯ ಆಗಸ್ಟ್

ಎದುರುಮನೆ ಇಂದ್ರಮ್ಮ ಸಾರಿನ ಪುಡಿ ಕೊಡುವ ನೆವದಲ್ಲಿ ಬಂದರು. "ನಿಮ್ ವನಜಾ ವಿಜಯನಗರದಲ್ಲಿ ಗುರುಸಿದ್ದಯ್ಯನವರ ಮನೆಗೆ ಹೋಗ್ತಾ ಇರ್ತಾಳಲ್ಲ! ನಿಮ್ಗೆ ಗೊತ್ತಿಲ್ವಾ?"

ಗೊತ್ತು ಎಂದೆ. ಇನ್ನೇನು ಹೇಳಲಿ? ಮೈಯೆಲ್ಲ ಉರಿದುಹೋಯಿತು.

ಗುರುಸಿದ್ದಯ್ಯ! ನಾನು ಗೆಜ್ಜೆ ಕಟ್ಟುವ ಮೊದಲೇ ನಾಟ್ಯದ ಪಾಠ ಹೇಳುತ್ತಿದ್ದ ಮನುಷ್ಯ. ಗುರುವನ್ನು ಬಿಡುವುದಾದರೆ ಫಲತಾಂಬೂಲ ಇಟ್ಟು, ನಮಸ್ಕಾರ ಮಾಡಿ, ಅಪ್ಪಣೆ ಕೇಳಿ ಬಿಡಬೇಕು. ಇನ್ನೊಬ್ಬರ ಶಿಷ್ಯೆ ಬಾಗಿಲಿಗೆ ಬಂದರೆ ಮೊದಲು ಆ ಗುರುವಿಗೆ ಹೇಳಿ ಕಳಿಸಬೇಕು. ನಮ್ಮ ಕಸುಬಿನ ಮರ್ಯಾದೆ ಅದು. ಈಗ ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಇವಳೋ, ಉಂಡ ಮನೆಗೆ ಎರಡು ಬಗೆಯುವವಳು.

ಭಾನುವಾರ, ೧೦ ಸೆಪ್ಟೆಂಬರ್

ಕ್ಲಾಸಿನಲ್ಲಿ ಎಲ್ಲರೆದುರೇ ವನಜಾಕ್ಷಿಯನ್ನು ಕೇಳಿದೆ. ತಲೆ ತಗ್ಗಿಸಿ ನಿಂತಳು. ಕಣ್ಣೀರು ಬೇರೆ.

ಮುಂದಿನ ಭಾನುವಾರ ನಮ್ಮ ಬ್ಲಾಕಿನ ಗಣೇಶನ ಪೆಂಡಾಲಿನಲ್ಲಿ ಇವಳ ಪ್ರೋಗ್ರಾಂ. ಹ್ಯಾಂಡ್‌ಬಿಲ್ ಹಂಚಿಯಾಗಿದೆ. ಕ್ಯಾನ್ಸಲ್ ಮಾಡಿದರೆ ನಗೆಪಾಟಲಾಗುವವಳು ನಾನು. ಕುಣಿಯಲಿ. ತಾಳ ನನ್ನ ಕೈಯಲ್ಲಿರುತ್ತದೆ...

ಸೋಮವಾರ, ೧೮ ಸೆಪ್ಟೆಂಬರ್. ಬೆಳಗ್ಗೆ

ಮಾಡಿದೆ. ಬೇಕೆಂತಲೇ ಮಾಡಿದೆ.

ನಿನ್ನೆ ಕೊನೆಯ ತಿಲ್ಲಾನದಲ್ಲಿ ತಾಳದ ವೇಗ ಏರಿಸಿದೆ. ಮೃದಂಗದ ಹನುಮಯ್ಯ ನನ್ನ ಕಡೆ ನೋಡಿದರು. ಇನ್ನೂ ಏರಿಸಿದೆ. ಹುಡುಗಿ ಹಿಡಿದಳು, ಒಂದು ಹೆಜ್ಜೆ ಬಿಡಲಿಲ್ಲ. ಅದನ್ನು ಕಂಡು ಕೋಪ ಇನ್ನೂ ನೆತ್ತಿಗೇರಿತು. ಮತ್ತೆ ಏರಿಸಿದೆ. ಆಗ ನಿಂತುಬಿಟ್ಟಳು. ಗಣೇಶನಿಗೆ ಕೈಮುಗಿದಳು, ಜನಕ್ಕೆ ಕೈಮುಗಿದಳು. ನನ್ನ ಕಡೆ ತಿರುಗಲಿಲ್ಲ. ಕುಂಟುತ್ತಾ ಒಳಗೆ ಹೋದಳು.

ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು!

ಹನುಮಯ್ಯ ಮೃದಂಗಕ್ಕೆ ಗವಸು ಹಾಕುತ್ತಾ ಅಂದರು: "ಕೈ ತಪ್ಪಿ ಓಡಿದ್ದಲ್ಲ ಅಮ್ಮಾ ಅದು. ನೀವೇ ಓಡ್ಸಿದ್ರಿ."

"ನಿಮ್ ಕೆಲ್ಸ ನುಡ್ಸೋದು. ನುಡ್ಸಿ ಹೋಗಿ" ಎಂದೆ.

ಕುಂಟಿದ್ದು ನಾಟಕ.

ಬುಧವಾರ, ೨೦ ಸೆಪ್ಟೆಂಬರ್

ಗುರುಸಿದ್ದಯ್ಯ ಮನೆಗೇ ಬಂದರು. ಎಷ್ಟು ಧೈರ್ಯ! ಕಾಫಿ ಕೊಡಲಿಲ್ಲ.

"ನಾನು ಅವ್ಳಿಗೆ ಒಂದು ಜತಿನೂ ಹೇಳ್ಕೊಟ್ಟಿಲ್ಲ ಕಣಮ್ಮ. ಮಂಡಿ ಊದ್ಕೊಂಡು ಬಂದಿದ್ಲು. ಹೆಂಗೆ ಕೂತ್ರೆ ನೋವು ಕಮ್ಮಿಯಾಗುತ್ತೆ ಅಂತ ಕೇಳಿದ್ಲು. ಪಾದ ಎಷ್ಟು ತಿರುಗಿಸ್ಬೇಕು ಅಂತ ತೋರ್ಸಿದೆ, ಅಷ್ಟೇ."

"ನನ್ನನ್ನೇ ಕೇಳಬಹುದಿತ್ತಲ್ಲ!"

"ಕೇಳಿದ್ಲಂತಲ್ಲಮ್ಮ. ನೋಯೋರು ಮನೇಲಿ ಕೂತು ಅಕ್ಕಿ ಆರಿಸಿ ಅಂದ್ರಂತೆ."

ಅಂದಿರಬಹುದು. ದಿನಾ ಅನ್ನುತ್ತೇನೆ. ನನ್ನ ಗುರುಗಳೂ ಅನ್ನುತ್ತಿದ್ದರು.

"ನೀವಾದರೂ ನನಗೆ ಹೇಳಿ ಕಳಿಸಬೇಕಿತ್ತು. ಇಷ್ಟು ವಯಸ್ಸಾಗಿದೆ, ಅಷ್ಟು ನೀತಿ ಬೇಡವೇ?"

"ಹೇಳ್ಬೇಕಿತ್ತು. ತಪ್ಪು ನಂದೇ. ಹೇಳಿದ್ರೆ ಮಿಸ್ ನೋಯೋ ಜಾಗಕ್ಕೇ ಹೊಡೀತಾರೆ ಅಂತ ಅತ್ಲು. ಸುಮ್ನಾದೆ." ಎದ್ದರು. ಹೊಸಿಲಲ್ಲಿ ನಿಂತು ಅಂದರು: "ಕಾಲಿಗೆ ಪ್ಲಾಸ್ಟರ್ ಹಾಕಿದಾರೆ. ಇನ್ಮೇಲೆ ಕುಣಿಯೋದು ಡೌಟು ಅಂದ್ರಂತೆ ಡಾಕ್ಟ್ರು."

ಹೋದ ಮೇಲೆ ಬಾಗಿಲನ್ನು ಧಡಾರೆಂದು ಹಾಕಿದೆ. ಯಾರ ಮೇಲೆ ಹಾಕಿದೆನೋ.

ಶುಕ್ರವಾರ, ೨೨ ಸೆಪ್ಟೆಂಬರ್

ಬಾಪೂಜಿ ನಗರಕ್ಕೆ ಹೋದೆ. ವನಜಾಕ್ಷಿಯ ತಂದೆ ಮುನಿವೆಂಕಟಪ್ಪ ಕುರ್ಚಿ ಹಾಕಿದರು. ಬೈಯುತ್ತಾರೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಬೈಯಲಿಲ್ಲ. ತಾಯಿ ಲಿಂಗಮ್ಮ ಹಾಲು ತಂದಿಟ್ಟರು.

"ಹುಡ್ಗಿ ಮಲಗವ್ಳೆ ಮೇಡಂ, ಏಳಲ್ಲ" ಎಂದರು ತಂದೆ.

ಕೋಣೆಯ ಬಾಗಿಲ ಸಂದಿಯಲ್ಲಿ ಬಿಳಿ ಪ್ಲಾಸ್ಟರ್ ಕಾಣುತ್ತಿತ್ತು. ಎಚ್ಚರವಿದ್ದಳು. ಹೆಬ್ಬೆರಳು ಅಲ್ಲಾಡುತ್ತಿತ್ತು.

"ನೀವು ಹೊಡೀತೀರಾ ಅಂತ ಗೊತ್ತಿತ್ತು ಮೇಡಂ" ಎಂದರು ಲಿಂಗಮ್ಮ. "ನಾವೇನೂ ಕೇಳ್ಳಿಲ್ಲ. ಗುರುಗಳಲ್ವಾ ಅಂತ ಬಿಟ್ಟಿದ್ವಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಾಲು ಕುಡಿಯಲಾಗಲಿಲ್ಲ. ಛೀ, ನನ್ನ ಜನ್ಮಕ್ಕಿಷ್ಟು!

ಭಾನುವಾರ, ೨೪ ಸೆಪ್ಟೆಂಬರ್

ಕ್ಲಾಸಿಗೆ ಎಲ್ಲರೂ ಟೈಮಿಗೆ ಬಂದಿದ್ದರು.

"ಯಾರಿಗೆ ಮಂಡಿ ನೋಯುತ್ತೆ? ಕೈ ಎತ್ತಿ" ಎಂದೆ. ಆದಷ್ಟು ಮೆತ್ತಗೆ.

ಒಂದು ಕೈಯೂ ಏಳಲಿಲ್ಲ.

"ಬೈಯಲ್ಲ. ಹೇಳಿ."

ಎಲ್ಲರೂ ನೆಲ ನೋಡಿದರು. ಸಿಟ್ಟು ಬಂತು. ಹಾಳು ಸಿಟ್ಟು, ಆಗಲೂ ಬಂತು. ಎಲ್ಲರಿಗಿಂತ ಚಿಕ್ಕವಳನ್ನು ಮುಂದೆ ಕರೆದೆ. ಒಂಬತ್ತೋ ಹತ್ತೋ ಇರಬೇಕು.

"ನಿನಗೆ ನೋಯುತ್ತೇನೇ?"

"ಇಲ್ಲ ಮಿಸ್. ದೇವ್ರಾಣೆ ನೋಯಲ್ಲ ಮಿಸ್."

ನೋಡೋಣ ಎಂದು ಬಗ್ಗಿದೆ. ಅಷ್ಟೇ. ಎರಡು ಕೈಯಲ್ಲೂ ಮಂಡಿ ಮುಚ್ಚಿಕೊಂಡಳು, ಕಣ್ಣು ಬಿಗಿಯಾಗಿ ಮುಚ್ಚಿದಳು. ಹೊಡೆಯಲ್ಲ ಕಣೇ ಎನ್ನಲು ಬಾಯಿ ತೆರೆದೆ. ಹಿಂದೆ ನಿಂತಿದ್ದವರನ್ನು ನೋಡಿದೆ. ಅವರೂ ಒಬ್ಬೊಬ್ಬರಾಗಿ ಮಂಡಿಗೆ ಕೈ ಅಡ್ಡ ಹಿಡಿಯುತ್ತಿದ್ದರು.