ಹತ್ತನೇ ನಂಬರಿನ ಮೊಳೆ

ವಿಮಾನದ ಶೆಡ್ಡಿನ ಹಿಂದಿನ ಮನೆ,
ಮೇ 20, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಲ ಮೊಣಕೈಯ ನೋವು ವಾಸಿಯಾಯಿತೇ, ಇಲ್ಲ ಅದಕ್ಕೂ ಗ್ರೀಸು ಹಚ್ಚಿಕೊಂಡು ಓಡಾಡುತ್ತಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ರಾತ್ರಿ ಪಾಳಿ ಬಿಟ್ಟಿತೇ? ಈ ಪ್ರಶ್ನೆಗಳು ನನ್ನವಲ್ಲ, ಅಮ್ಮನವು. ನನ್ನ ಹಿಂದೆ ನಿಂತು ಒಂದೊಂದಾಗಿ ಬರೆಸಿ ಈಗ ತಾನೇ ಒಳಗೆ ಹೋದಳು. ನೀನು ಹೋದ ಸಲ ಕಳಿಸಿದ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು, ಅದರಲ್ಲಿ ಒಂದು ನಮ್ಮ ವಿಳಾಸ. ಉಳಿದ ಒಂದು ಸಾಲನ್ನು ಅಮ್ಮ ಒಂದು ವಾರ ಓದಿದಳು. ಹಡಗು ರಿಪೇರಿ ಮಾಡುವವನು ಮಾತನ್ನೂ ನೀರಿನಲ್ಲಿ ಮುಳುಗಿಸಿಬಿಡುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದರೆ ಮುಕ್ಕಾಲು ನಿಜ. ಅಮ್ಮನ ಮಂಡಿ ಮೆಟ್ಟಿಲು ಕಂಡ ಕೂಡಲೇ ಮುಷ್ಕರ ಹೂಡುತ್ತದೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತೇನೆ, ಮನೆಯಲ್ಲಿ ತರ್ಕ ಮಾಡಬೇಡ ಎಂದು ಹೇಳಿಸಿಕೊಳ್ಳುತ್ತೇನೆ. ಅಪ್ಪನ ಎಡಗಿವಿ ಎಂದೋ ಇಂಜಿನ್ನುಗಳಿಗೆ ದಾನವಾಯಿತಲ್ಲ, ಈಗ ಅಮ್ಮ ಮಾತು ಶುರುಮಾಡಿದರೆ ನಿಧಾನವಾಗಿ ಆ ಕಿವಿಯನ್ನೇ ಅವಳ ಕಡೆ ತಿರುಗಿಸಿ ಕೂರುತ್ತಾರೆ. ಸಾಲದ್ದಕ್ಕೆ ಬಲಗಣ್ಣಿಗೆ ಪೊರೆ ಬಂದಿದೆ. ಕಣ್ಣಿನ ಡಾಕ್ಟರು ತೆಗೆಸಿಬಿಡಿ ಅಂದರೆ, "ಪ್ರದರ್ಶನ ಮುಗೀಲಿ, ಆಮೇಲೆ ನೋಡೋಣ" ಅಂದರು. "ಪೊರೆ ತೆಗೆಸದೆ ನೋಡೋದಾದ್ರೂ ಹೇಗೆ ಸ್ವಾಮಿ?" ಎಂದು ಡಾಕ್ಟರು ಕೇಳಿದ್ದಕ್ಕೆ ಅಪ್ಪ ಎಡಗಿವಿ ತಿರುಗಿಸಿದರು.

ಅಪ್ಪನ ವಿಷಯ, ಅಜ್ಜಿಯ ವಿಷಯ ನನಗೆ ಬರೆಯಬೇಡ ಅಂದಿದ್ದೆ ನೀನು. ಆರು ವರ್ಷ ಆ ಮಾತು ಕೇಳಿದ್ದೇನೆ. ತಂಗಿಯರ ಇತಿಹಾಸದಲ್ಲೇ ಇದೊಂದು ದಾಖಲೆ. ಇವತ್ತು ಮುರಿಯುತ್ತೇನೆ, ಬೈದುಕೋ. ನಿನ್ನ ಹಡಗಿನ ಗೆಳೆಯರು ಈ ಪತ್ರ ಕದ್ದು ಓದಿ ಗಾಬರಿಯಾಗದಿರಲಿ ಎಂದು ಅವರಿಗೂ ಒಂದು ಮಾತು: ಅಜ್ಜಿ ಅಂದರೆ ನಮ್ಮ ತಂದೆಯ ತಾಯಿಯಲ್ಲ. ಎರಡು ಸೀಟಿನ, ಮೂತಿಯಲ್ಲಿ ಪಂಕ ತಿರುಗುವ, ಎಂಬತ್ತು ವರ್ಷದ ಯುದ್ಧವಿಮಾನ. ಅಪ್ಪ ಅದರ ಮುಖ್ಯ ಮೇಸ್ತ್ರಿ. ಆದರೆ ತಂದೆಯ ತಾಯಿಗೂ ಅಪ್ಪ ಇಷ್ಟು ಸೇವೆ ಮಾಡಿರಲಿಲ್ಲ ಎಂದು ಅಮ್ಮನ ಅಂಬೋಣ.

ನಿನ್ನೆ ಬೇಸಿಗೆಯ ವೈಮಾನಿಕ ಪ್ರದರ್ಶನ. ಪ್ರತಿ ವರ್ಷ ವಿವರಣೆ ಹೇಳುವ ಮಹಾನುಭಾವನ ಗಂಟಲು ಹಿಂದಿನ ದಿನವೇ ಕೂತುಬಿಟ್ಟಿತು. ನನ್ನ ಗಂಟಲು ಕೂತದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲವಾದ್ದರಿಂದ ಮೈಕು ನನಗೆ ಬಂತು. ಶೆಡ್ಡಿನ ಬಾಗಿಲ ಪಕ್ಕ ಒಂದು ಮೇಜು, ತಲೆಯ ಮೇಲೆ ಒಂದು ಕೊಡೆ, ಎದುರಿಗೆ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡ ಇಪ್ಪತ್ತು ಸಾವಿರ ಜನ. ಬೆಳಿಗ್ಗೆ ಹಳೆಯ ವಿಮಾನಗಳು ಒಂದರ ಹಿಂದೆ ಒಂದು ಎದ್ದವು. ಅವು ಹಾರುವುದನ್ನು ನೋಡುವುದೇ ಒಂದು ನೆಮ್ಮದಿ ಕಣೋ. ಸದ್ದು ದೂರದಿಂದಲೇ ಬಂದು ಬಾಗಿಲು ತಟ್ಟುತ್ತದೆ, ಆಮೇಲೆ ವಿಮಾನ ಕಾಣುತ್ತದೆ, ಒಳಗೆ ಕೂತವನು ಕೈ ಬೀಸಿದರೆ ಅದೂ ಕಾಣುತ್ತದೆ. ಜೆಟ್ಟಿನ ಮರ್ಯಾದೆಯೇ ಬೇರೆ. ವಿಮಾನ ಮೊದಲು ಬರುತ್ತದೆ, ಇನ್ನೊಂದು ತುದಿಗೆ ಹೋಗಿಯೂ ಬಿಡುತ್ತದೆ, ಆಮೇಲೆ ಆಕಾಶ ಹರಿದ ಹಾಗೆ ಸದ್ದು. ಕೂಸುಗಳು ಅತ್ತವು, ನಿಲ್ಲಿಸಿದ್ದ ಕಾರುಗಳೆಲ್ಲ ಒಟ್ಟಿಗೆ ಅರಚಿಕೊಂಡವು. ನೀನು ಮನೆ ಬಿಟ್ಟದ್ದೂ ಜೆಟ್ಟಿನ ಹಾಗೆಯೇ. ನೀನು ಹೋದದ್ದು ಒಂದು ಕ್ಷಣ. ಸದ್ದು ಆಮೇಲೆ ಬಂತು, ಇನ್ನೂ ಪೂರ್ತಿ ಇಳಿದಿಲ್ಲ.

ಈ ಸಲದ ವಿಶೇಷವೇನೆಂದರೆ ಅಜ್ಜಿಯೂ ಜೆಟ್ಟೂ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಒಟ್ಟಿಗೆ ಹಾರಬೇಕಿತ್ತು. ಅಜ್ಜಿ ತನ್ನ ಪ್ರಾಣ ಬಿಟ್ಟು ಓಡುವ ವೇಗದಲ್ಲಿ, ಜೆಟ್ಟು ಇನ್ನೇನು ಬಿದ್ದೇ ಹೋಗುತ್ತದೆ ಎನ್ನುವಷ್ಟು ನಿಧಾನದಲ್ಲಿ. ಮೊಮ್ಮಗ ಹೆಜ್ಜೆ ಚಿಕ್ಕದು ಮಾಡಿಕೊಂಡು ಅಜ್ಜಿಯ ಕೈ ಹಿಡಿದು ನಡೆದ ಹಾಗೆ. ಈ ಒಂದು ಸುತ್ತಿಗಾಗಿ ಅಪ್ಪ ಎರಡು ವರ್ಷ ಇಂಜಿನ್ನನ್ನು ಬಿಚ್ಚಿ ಕಟ್ಟಿದ್ದರು. ಒಂದೇ ಷರತ್ತು: ಜೆಟ್ಟಿನ ಹೊಟ್ಟೆಯಲ್ಲಿ ಕಾಯುವಷ್ಟು ಇಂಧನವಿಲ್ಲ. ಹನ್ನೊಂದೂವರೆಗೆ ಅಜ್ಜಿ ಏಳಲೇಬೇಕು.

ಹನ್ನೊಂದೂ ಇಪ್ಪತ್ತಕ್ಕೆ ಅಪ್ಪ ಹಲಗೆಯ ಮುಂದೆ ಇದ್ದರು. ಆ ಹಲಗೆ ನಿನ್ನ ಕಣ್ಣಿಗೆ ಕಟ್ಟಿದೆ ಬಿಡು: ಒಂದೊಂದು ಉಪಕರಣಕ್ಕೂ ಒಂದೊಂದು ಮೊಳೆ, ಮೊಳೆಯ ಕೆಳಗೆ ಅದರದೇ ಆಕಾರದ ಕಪ್ಪು ನೆರಳು ಬರೆದದ್ದು. ಒಂದೇ ಒಂದು ನೆರಳು ಖಾಲಿ ಕಂಡರೂ ಆ ಉಪಕರಣ ವಿಮಾನದ ಹೊಟ್ಟೆಯಲ್ಲಿ ಉಳಿದಿರಬಹುದು. ಹಲಗೆ ತುಂಬದೆ ಅಪ್ಪ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಸಹಿಯಿಲ್ಲದೆ ಅಜ್ಜಿ ಹಾರುವುದಿಲ್ಲ. ಅಪ್ಪನ ಒಂದು ಕೈಯಲ್ಲಿ ಹತ್ತನೇ ನಂಬರಿನ ಸ್ಪ್ಯಾನರ್ ಇತ್ತು, ಇನ್ನೊಂದು ಕೈಯಲ್ಲಿ ಬೆವರಿಗೆ ಜಾರುತ್ತಿದೆ ಎಂದು ಬಿಚ್ಚಿದ ಕನ್ನಡಕ. ಆಗ ನಿನ್ನ ತಂಗಿಯ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಮೇಸ್ತ್ರಿಗಳೇ, ಅಜ್ಜಿಗೆ ಪೌಡರ್ ಹಚ್ಚಿದ್ದು ಸಾಕು, ಮೊಮ್ಮಗ ಮೇಲೆ ಬಂದು ಕಾಯ್ತಿದಾನೆ!" ಎಂದು ಮೈಕಿನಲ್ಲಿ ಕೂಗಿದೆ. ಇಪ್ಪತ್ತು ಸಾವಿರ ಜನ ನಕ್ಕರು. ಅಪ್ಪ ಗಡಿಬಿಡಿಯಲ್ಲಿ ಒಂದನ್ನು ಮೊಳೆಗೆ ನೇತುಹಾಕಿದರು, ಇನ್ನೊಂದನ್ನು ಡಬ್ಬಿಗೆ ಹಾಕಿ ಜೇಬಿಗೆ ಇಳಿಸಿದರು, ಬರಿಗಣ್ಣಿನಲ್ಲಿ ಹಲಗೆಯ ಮೇಲೆ ಒಮ್ಮೆ ನೋಟ ಹಾಯಿಸಿ ಸಹಿ ಹಾಕಿದರು.

ಇಂಜಿನ್ನು ಗುಟುರು ಹಾಕಿತು. ಮೀಸೆ ಕ್ಯಾಪ್ಟನ್ (ಮೀಸೆ ಈಗ ಪೂರ್ತಿ ಬೆಳ್ಳಗಾಗಿದೆ, ಮನುಷ್ಯ ಹಾಗೇ ಇದ್ದಾರೆ) ಅಜ್ಜಿಯನ್ನು ಮುಂದಕ್ಕೆ ಬಿಟ್ಟರು. ಅಷ್ಟರಲ್ಲಿ ಚಹಾದ ಫ್ಲಾಸ್ಕು ಹಿಡಿದು ಬಂದ ಅಮ್ಮ ಹಲಗೆಯ ಮುಂದೆ ನಿಂತಳು. "ರೀ, ನಿಮ್ಮ ಕನ್ನಡಕ ಯಾಕ್ರೀ ಇಲ್ಲಿ ನೇತಾಡ್ತಿದೆ?" ಅಪ್ಪ ಅಭ್ಯಾಸಬಲದಿಂದ ಎಡಗಿವಿ ತಿರುಗಿಸಿದರು. ಅಮ್ಮ ಸುತ್ತಿ ಬಂದು ಬಲಗಿವಿಗೆ ಹೇಳಿದಳು. ಆಮೇಲೆ ಆದದ್ದನ್ನು ನಾನು ಮೈಕು ಹಿಡಿದುಕೊಂಡೇ ಬಾಯಿ ಮುಚ್ಚಿ ನೋಡಿದೆ. ಎಪ್ಪತ್ತೆರಡರ ನಮ್ಮ ಅಪ್ಪ ಓಡಿದರು ಕಣೋ. ಚಪ್ಪಲಿ ಒಂದು ಕಡೆ, ಅವರು ಒಂದು ಕಡೆ. ಅಜ್ಜಿಯ ಮುಂದೆ, ತಿರುಗುವ ಪಂಕದಿಂದ ಹತ್ತು ಮಾರು ದೂರದಲ್ಲಿ ನಿಂತು ಎರಡೂ ಕೈಯನ್ನು ತಲೆಯ ಮೇಲೆ ಅಡ್ಡಕ್ಕೆ ಕಟ್ಟಿ ಹಿಡಿದರು. ಪಂಕ ನಿಂತಿತು. ಕ್ಯಾಪ್ಟನ್ ಮೇಲಿನಿಂದಲೇ ಕೂಗಿದರು, "ಏನ್ ಮೇಸ್ತ್ರಿ, ಜೆಟ್ ಮೇಲಿದೆ!" ಅಪ್ಪ ಅಂದರು, "ಹತ್ತನೇ ನಂಬರ್ ಕಾಣ್ತಿಲ್ಲ. ನೋಡದೆ ಸಹಿ ಹಾಕಿದೀನಿ. ಇಳೀರಿ."

ಹುಡುಕಿದ್ದು ನಲವತ್ತು ನಿಮಿಷ. ಮುಚ್ಚಳಗಳೆಲ್ಲ ಬಿಚ್ಚಿದವು, ಸೀಟುಗಳು ಹೊರಗೆ ಬಂದವು, ಅಮ್ಮ ಮಂಡಿ ಮರೆತು ರೆಕ್ಕೆಯ ಕೆಳಗೆ ಬಗ್ಗಿದಳು. ನಾನು ಮೈಕಿನಲ್ಲಿ ಕಾಲ ತಳ್ಳಿದೆ. ಹಾರಾಟ ನೋಡಲು ಬಂದವರು ದಯವಿಟ್ಟು ಹಾರಾಡಬಾರದು ಅಂದೆ, ಕಾಲೇಜಿನ ಹಳೆಯ ಜೋಕುಗಳನ್ನೆಲ್ಲ ದೂಳು ಕೊಡವಿ ಹೊರಗೆ ತೆಗೆದೆ. ಒಂದಕ್ಕೂ ನನಗೇ ನಗು ಬರಲಿಲ್ಲ. ಜೆಟ್ಟು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೆಯದರಲ್ಲಿ ಬೆಂಕಿ ಕಾರುತ್ತ ನೆಟ್ಟಗೆ ಮೇಲಕ್ಕೇರಿ ಬೆಂಕಿಕಡ್ಡಿಯಷ್ಟಾಗಿ, ಚುಕ್ಕಿಯಾಗಿ, ಹೊರಟುಹೋಯಿತು. ಜನ ಚಪ್ಪಾಳೆ ಹೊಡೆದರು. ಅಪ್ಪ ತಲೆಯೆತ್ತಿ ನೋಡಲಿಲ್ಲ.

ಆಮೇಲೆ ಅಪ್ಪ ರೆಕ್ಕೆಗೆ ಒರಗಿ ನಿಂತು, ಅಮ್ಮ ತಂದುಕೊಟ್ಟ ಕನ್ನಡಕವನ್ನು ಒರೆಸಲು ಬಟ್ಟೆಗಾಗಿ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು. ತೆರೆದರು. ಒಳಗೆ ಹತ್ತನೇ ನಂಬರು, ತೊಟ್ಟಿಲಲ್ಲಿ ಮಲಗಿಸಿದ ಹಾಗೆ, ನೆಮ್ಮದಿಯಾಗಿ ಮಲಗಿತ್ತು.

ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಸ್ತ್ರಿ, ಸ್ಪ್ಯಾನರಿಗೂ ಕಣ್ಣು ಮಂಜಾಗಿತ್ತೇನ್ರೀ?" ಅಂದು ಬೆನ್ನು ತಟ್ಟಿದರು. ಅಮ್ಮ ಚಹಾ ಬಗ್ಗಿಸಿ ಕೈಗೆ ಕೊಟ್ಟಳು. ಜೆಟ್ ಹೋದರೆ ಹೋಗಲಿ, ಅಜ್ಜಿ ಒಬ್ಬಳೇ ಒಂದು ಸುತ್ತು ಬರಲಿ, ಜನ ಕಾದಿದ್ದಾರೆ ಅಂದರು ಕ್ಯಾಪ್ಟನ್. ಅಪ್ಪ ಸಹಿಯ ಪುಸ್ತಕ ಮುಚ್ಚಿದರು. "ಇಲ್ಲ ಕ್ಯಾಪ್ಟನ್ರೇ. ನನ್ನ ಕಣ್ಣನ್ನ ನಾನೇ ನಂಬಲ್ಲ. ನಾನಿನ್ನು ಸಹಿ ಹಾಕಲ್ಲ." ಅಷ್ಟೇ. ಅಜ್ಜಿಯನ್ನು ನಾವೆಲ್ಲ ಸೇರಿ ಕೈಯಲ್ಲೇ ತಳ್ಳಿಕೊಂಡು ಶೆಡ್ಡಿಗೆ ತಂದೆವು. ಜನ ಅದಕ್ಕೂ ಚಪ್ಪಾಳೆ ಹೊಡೆದರು, ಒಳ್ಳೆಯ ಜನ.

ಸಂಜೆ ಅಪ್ಪ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದರು. ನಾನು ಹೋಗಿ ಬಲಗಡೆ ಕೂತೆ. ನನ್ನದೇ ತಪ್ಪು, ಮೈಕಿನಲ್ಲಿ ಕೂಗಬಾರದಿತ್ತು ಅಂದೆ. ಅಪ್ಪ ಕನ್ನಡಕದ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ, "ಯಾರೂ ಬೈಲಿಲ್ಲ ಕಣೇ ಬಾಲ" ಅಂದರು. "ಕಾಯ್ತಾ ಇದ್ದೆ. ಕ್ಯಾಪ್ಟನ್ ಬೈತಾರೆ, ನಿಮ್ಮಮ್ಮನಾದ್ರೂ ಬೈತಾಳೆ ಅಂತ. ಚಹಾ ಕೊಟ್ಟಳು." ಡಬ್ಬಿ ಮುಚ್ಚಿ, "ಅವನು ಮಾಡಿದ್ದೂ ಇಷ್ಟೇ ಅಲ್ವಾ?" ಅಂದರು.

ಇಷ್ಟೇ ಅಲ್ಲ ಎಂದು ನಿನಗೂ ನನಗೂ ಗೊತ್ತು. ಆರು ವರ್ಷದ ಹಿಂದೆ ನೀನು ಹಲಗೆ ನೋಡದೆ ಸಹಿ ಹಾಕಿದ ದಿನ ಇದೇ ಹತ್ತನೇ ನಂಬರು ನಿಜವಾಗಿಯೂ ಹಿಂದಿನ ಸೀಟಿನ ಕೆಳಗೆ ಸಿಕ್ಕಿತ್ತು, ವಿಮಾನ ನಡೆಸುವ ಕೋಲಿನ ಬುಡದಿಂದ ಒಂದು ಗೇಣು ದೂರದಲ್ಲಿ. ಇನ್ನಷ್ಟು ಜಾರಿದ್ದರೆ ಕೋಲು ಅಲುಗುತ್ತಿರಲಿಲ್ಲ, ಕ್ಯಾಪ್ಟನ್ನರ ಮೀಸೆ ಬೆಳ್ಳಗಾಗಲು ಉಳಿಯುತ್ತಿರಲಿಲ್ಲ. ಅಪ್ಪ ಅವತ್ತು ಅಜ್ಜಿಯನ್ನು ತಡೆದದ್ದು ಸರಿಯೇ. ಆದರೆ ಆಮೇಲೆ ಶೆಡ್ಡಿನ ತುಂಬ ಜನರಿರುವಾಗ ನಿನಗೆ "ಇನ್ನು ನನ್ನ ಹಲಗೆ ಮುಟ್ಟಬೇಡ" ಅಂದರಲ್ಲ, ಅದು ತಡೆದದ್ದು ವಿಮಾನವನ್ನಲ್ಲ. ಅಪ್ಪ ತಿರುಪು ಬಿಗಿಮಾಡುವವರು, ತಿರುಗಿ ನೋಡುವವರಲ್ಲ ಎಂದು ನಾನು ಆರು ವರ್ಷ ಹಾಸ್ಯ ಮಾಡುತ್ತ ಬಂದೆ. ನಿನ್ನೆ ತಿರುಗಿ ನೋಡುತ್ತಿದ್ದವರನ್ನು ಪಕ್ಕದಲ್ಲಿ ಕೂತು ಕಂಡ ಮೇಲೆ ಆ ಹಾಸ್ಯ ನನಗೇ ರುಚಿಸುತ್ತಿಲ್ಲ.

ಸದ್ಯದ ಸ್ಥಿತಿ ಇದು. ಜೆಟ್ಟಿನವರು ದೊಡ್ಡ ಮನಸ್ಸು ಮಾಡಿ ಜುಲೈ ಎರಡನೇ ಭಾನುವಾರ ಮತ್ತೆ ಬರುತ್ತೇವೆ ಅಂದಿದ್ದಾರೆ. ಅಜ್ಜಿ ಸಿದ್ಧವಾಗಿದ್ದಾಳೆ, ಸಹಿ ಹಾಕುವವರಿಲ್ಲ. ಬೇರೆ ಕಡೆಯಿಂದ ಒಬ್ಬ ಮೇಸ್ತ್ರಿಯನ್ನು ಕರೆಸೋಣವೇ ಎಂದು ಕ್ಯಾಪ್ಟನ್ ಕೇಳಿದ್ದಕ್ಕೆ ಅಪ್ಪ ಎಡಗಿವಿ ಕೊಟ್ಟರು. ನಿನ್ನ ಲೈಸೆನ್ಸು ಅಪ್ಪನ ಪೆಟ್ಟಿಗೆಯಲ್ಲೇ ಇದೆ, ಅವಧಿ ಮುಗಿದಿದೆ. ಎರಡು ದಿನದ ಒಂದು ಪರೀಕ್ಷೆ ಬರೆದರೆ ಮತ್ತೆ ಜೀವ ಬರುತ್ತದೆಯಂತೆ. ಇದನ್ನು ಕ್ಯಾಪ್ಟನ್ ತಾವಾಗಿಯೇ ವಿಚಾರಿಸಿಕೊಂಡು ಬಂದು, ಯಾರಿಗೂ ಹೇಳದ ಹಾಗೆ ನನಗೆ ಹೇಳಿದರು, ಎಂದರೆ ಇಡೀ ಶೆಡ್ಡಿಗೆ ಕೇಳಿಸಿತು. ನಾನು ಬಾ ಎಂದು ಬರೆಯುತ್ತಿಲ್ಲ. ನಿನ್ನನ್ನು ಒತ್ತಾಯ ಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಒಂದು ದಿನಕ್ಕೆ ಒಂದೇ ದಾಖಲೆ ಮುರಿಯುವುದು ಒಳ್ಳೆಯದು.

ಮೊಣಕೈ ಜೋಪಾನ. ಅಮ್ಮ ನಿನಗೆ ಆಶೀರ್ವಾದವನ್ನೂ, ಕಾರ್ಡಿನಲ್ಲಿ ಮೂರನೇ ಸಾಲಿಗೆ ಜಾಗವಿರುತ್ತದೆ ಎಂಬ ಸುದ್ದಿಯನ್ನೂ ತಿಳಿಸಿದ್ದಾಳೆ. ಮೀಸೆ ಕ್ಯಾಪ್ಟನ್ ತಮ್ಮ ಬಿಳಿ ಮೀಸೆಯ ಪರವಾಗಿ ನೆನೆದಿದ್ದಾರೆ.

ಎಂದೂ ನಿನ್ನ ಹಿಂದೆಯೇ ಬಿದ್ದಿರುವ,
ಬಾಲ

ತಾ.ಕ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಬೇಕೆನ್ನುವಾಗ ಅಪ್ಪ ಬಂದರು. ಯಾರಿಗೆ ಪತ್ರ ಎಂದು ಕೇಳಲಿಲ್ಲ. ಕನ್ನಡಕದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಮೇಜಿನ ಮೇಲೆ ಇಟ್ಟು, "ಇದನ್ನೂ ಹಾಕು" ಅಂದರು. ಬಿಚ್ಚಿ ನೋಡಿದರೆ ಹತ್ತನೇ ನಂಬರು. ಹೀಗಾಗಿ ಇದು ಪತ್ರ ಹೋಗಿ ಪಾರ್ಸೆಲ್ ಆಯಿತು, ಜೋಪಾನವಾಗಿ ಬಿಚ್ಚು. ಶೆಡ್ಡಿಗೆ ಹೋಗಿ ನೋಡಿ ಬಂದೆ, ಹಲಗೆಯಲ್ಲಿ ಉಳಿದದ್ದೆಲ್ಲ ಇದೆ, ಆ ಒಂದು ಮೊಳೆ ಖಾಲಿ. ಜೊತೆಗೆ ಏನಾದರೂ ಬರೆಯಲೇ ಎಂದು ಅಪ್ಪನನ್ನು ಕೇಳಿದೆ. ಬಾಗಿಲ ತನಕ ಹೋದವರು ನಿಂತು, ಬಲಗಿವಿಯನ್ನೇ ನನ್ನ ಕಡೆ ತಿರುಗಿಸಿ ಅಂದರು: "ಏನೂ ಬೇಡ. ಅದು ಮೊಳೆಗೆ ಬರೋ ತನಕ ಅಜ್ಜಿ ಹಾರಲ್ಲ ಅಂತ ಅವನಿಗೆ ಗೊತ್ತು."